ಫಿಕ್ಹ್ (ಇಸ್ಲಾಂ ಧರ್ಮದ ನೇಮಗಳು) ಕ್ಲಾಸಿಗೆ ಮೊಬೈಲ್, ಪ್ರೊಜೆಕ್ಟರ್ ತಂದ್ರ ನಡೀತೈತೇನ್ರಿ?

ಪ್ರಶ್ನೆ: ನಾನು ಹಾವೇರಿಯೊಳಗ ಹೈಸ್ಕೂಲ್ ಹುಡುಗ್ರಿಗೆ ದೀನಿಯಾತ್ (ಧರ್ಮದ ಪಾಠ) ಕಲಸ್ತೀನ್ರಿ. ಫಿಕ್ಹ್ ಮಸ್ಲಾ (ನಿಯಮ) ಎಲ್ಲಾ ಬಾಯಿಪಾಠ ಹೇಳ್ತಾರ, ಸ್ವಲ್ಪ ತಿರುಗಿಸಿ ಕೇಳಿದ್ರ ಸುಮ್ಮನ ಕೂಡ್ತಾರ. ಸ್ಕೂಲ್‌ನ್ಯಾಗ ಒಂದು ಪ್ರೊಜೆಕ್ಟರ್ ಐತಿ. ಯೂಟ್ಯೂಬ್ ವಿಡಿಯೋ ಹಾಕಿ ಪಾಠ ಮಾಡ್ಲೇನು?

ಉತ್ತರ: ಸರ್, ಪ್ರೊಜೆಕ್ಟರ್ ಖಂಡಿತ ಬಳಸ್ರಿ, ಆದ್ರ ವಿಡಿಯೋದಿಂದ ಶುರು ಮಾಡಬ್ಯಾಡ್ರಿ. ಲೆಕ್ಕ ಮತ್ತ ಅಳತಿ ಮಷಿನ್ ಮಾಡ್ಲಿ, ಮಸ್ಲಾ ಮಾತ್ರ ಕಿತಾಬಿನಿಂದ ನಿಮ್ಮ ಬಾಯಾಗೇ ಬರಬೇಕು.

ಮುಸಾಫಿರ್ (ಪ್ರಯಾಣಿಕ) ನಮಾಜ್ ಪಾಠಾನೇ ತಗೋರಿ. ಹನಫಿ ಪಂಥದ ಮಸ್ಲಾ ಪ್ರಕಾರ 48 ಮೈಲಿ, ಅಂದ್ರ ಸುಮಾರು 77-78 ಕಿಲೋಮೀಟರ್ ದೂರದ ಊರಿಗೆ ಹೊಂಟವ್ರು, ಅಲ್ಲಿ 15 ದಿನಕ್ಕಿಂತ ಕಮ್ಮಿ ಇರೋರು, ನಾಕು ರಕಾತಿನ (ನಮಾಜಿನ ಸುತ್ತು) ಫರ್ಜ್ (ಕಡ್ಡಾಯ ನಮಾಜ್) ಎರಡೇ ಓದ್ತಾರ. ಇದನ್ನ ಬೋರ್ಡ್ ಮ್ಯಾಲೆ ಬರೆದು ಬಿಟ್ರ ಮುಗೀತು, ಮರ್ತುಬಿಡ್ತಾರ. ಅದರ ಬದ್ಲಿ ಗೂಗಲ್ ಮ್ಯಾಪ್ಸ್ ತೆಗೀರಿ. ರಾಣೆಬೆನ್ನೂರು? ಭಾಳ ಹತ್ರ, ಪೂರಾ ಓದಬೇಕು. ಬೆಳಗಾವಿ? ದೂರ, ಕಸರ್ (ನಾಕರ ಬದ್ಲಿ ಎರಡು ಓದೋದು) ಐತಿ. ಈಗ ಹುಬ್ಬಳ್ಳಿ ಹಾಕ್ರಿ, 75ರ ಆಸುಪಾಸು ತೋರಸ್ತೈತಿ, ಅಲ್ಲೇ ಜಗಳ ಶುರು ಆಗ್ತೈತಿ ನೋಡ್ರಿ! ಅಳತಿ ಮನಿಯಿಂದನೋ ಊರ ಗಡಿ ದಾಟಿದ ಮ್ಯಾಲೋ? ಹೋಗಿ ಬರೋದು ಕೂಡಿಸಿದ್ರ 150 ಆಗ್ತೈತಲ್ಲ ಸರ್ ಅಂತ ಒಬ್ಬ ಕೇಳೇ ಕೇಳ್ತಾನ. ಆಗ ಕಿತಾಬ್ ತೆಗೆದು, ಅಳತಿ ಊರ ಗಡಿಯಿಂದ, ಲೆಕ್ಕ ಒಂದೇ ಕಡಿದು ಅಂತ ತೋರಸ್ರಿ. ಮುಸಾಫಿರ್ ಆದವ ಊರಿನ ಇಮಾಮ್ ಹಿಂದ ಜಮಾತ್‌ನ್ಯಾಗ (ಗುಂಪಿನ ನಮಾಜ್) ನಿಂತ್ರ ನಾಕೂ ಓದಬೇಕು ಅನ್ನೋದನ್ನೂ ಅಲ್ಲೇ ಹೇಳ್ರಿ, ತಾವಾ ಹುಡುಕಿದ ಪ್ರಶ್ನೆ ಆದ್ರಿಂದ ತಲಿಯೊಳಗ ಉಳೀತೈತಿ.

ವಾರಸು ಪಾಠಕ್ಕ ಎಕ್ಸೆಲ್ ಭಾಳ ಚಲೋ. ಸಾಲ, ದಫನ್ ಖರ್ಚು, ವಸೀಯತ್ (ಉಯಿಲು) ತೀರಿ 24 ಲಕ್ಷ ಉಳೀತು, ಹೆಂಡ್ತಿ, ಒಬ್ಬ ಮಗ, ಒಬ್ಬಾಕಿ ಮಗಳು ಅದಾರ ಅನ್ರಿ. ಹೆಂಡ್ತಿಗೆ ಎಂಟನೇ ಒಂದು ಪಾಲು 3 ಲಕ್ಷ, ಮಗನಿಗೆ 14, ಮಗಳಿಗೆ 7. ಈಗ ಸತ್ತವನ ತಾಯಿನ್ನೂ ಸೇರಸ್ರಿ, ಆಕಿಗೆ ಆರನೇ ಒಂದು ಪಾಲು 4 ಲಕ್ಷ ಹೋಗಿ ಮಕ್ಕಳ ಪಾಲು ಹೆಂಗ ಕಮ್ಮಿ ಆಗ್ತೈತಿ ಅಂತ ಕಣ್ಣಾರೆ ನೋಡ್ಲಿ. ಫಾರ್ಮುಲಾ ಮಾತ್ರ ಹುಡುಗ್ರೇ ಬರೀಲಿ, ರೆಡಿಮೇಡ್ ಆ್ಯಪ್ ಕೊಟ್ರ ಉತ್ತರ ಸಿಗ್ತೈತಿ, ಕಾರಣ ಸಿಗೂದಿಲ್ಲ.

ಯೂಟ್ಯೂಬ್ ಬಗ್ಗೆ ನನಗ ಅಂಜಿಕಿ ಐತ್ರಿ. ಶಾಫಿ ಪಂಥದ ನಮಾಜಿನ ವಿಡಿಯೋದಾಗ ರುಕೂಗೆ (ಬಾಗೋದಕ್ಕ) ಹೋಗುವಾಗ ಕೈ ಎತ್ತತಾರ, ಆಮೀನ್ ಜೋರಾಗಿ ಹೇಳ್ತಾರ, ಅದನ್ನ ನೋಡಿದ ಹುಡುಗ ಮನಿಗೆ ಹೋಗಿ ಹನಫಿ ಅಜ್ಜನ ನಮಾಜ್ ತಪ್ಪು ಅಂದ್ರ ಏನ್ ಮಾಡ್ತೀರಿ? ಹಾಕೋದಿದ್ರ ಮೊದ್ಲು ಪೂರಾ ನೀವು ನೋಡ್ರಿ, ಇದು ಯಾವ ಮಜ್ಹಬ್ (ಪಂಥ) ಅಂತ ಹೇಳೇ ಹಾಕ್ರಿ, ಎರಡೂ ಸರಿನೇ ಅನ್ನೋದನ್ನೂ ಕಲಸ್ರಿ. ಎಐ ಚಾಟ್ ಅಂತೂ ಇಲ್ಲದ ಹದೀಸಿಗೂ (ಪ್ರವಾದಿಯವರ ನುಡಿ-ನಡೆಯ ವರದಿ) ನಂಬರ್ ಹಚ್ಚಿ ಕೊಡ್ತೈತಿ, ಅಲ್ಲಿಂದ ಬಂದಿದ್ದನ್ನ ಕಿತಾಬಿನ್ಯಾಗ ಹುಡುಕಿ ತೋರಿಸೋ ತನಕ ಒಪ್ಪಬ್ಯಾಡ್ರಿ.

ವುಜೂ (ನಮಾಜಿಗೆ ಮುಂಚೆ ಮುಖ, ಕೈಕಾಲು ತೊಳೆಯೋದು) ಪರೀಕ್ಷೆ ಮಾತ್ರ ನಳದ ಹತ್ರಾನೇ ತಗೋರಿ ಸರ್, ಮೊಣಕೈ ಒಣಗಿದ್ದು ಸ್ಕ್ರೀನ್‌ನ್ಯಾಗ ಕಾಣೂದಿಲ್ಲ.