ಮರಿ ಮುದ್ದಾಡಿಸುವ ಕಡೆಗೆ ಬೇಡ

ಪತ್ರ: ಮಗಳು ರಜೆಗೆ ಜೊಹಾನ್ಸ್‌ಬರ್ಗಿನ ಚಿಕ್ಕಪ್ಪನ ಮನೆಗೆ ಹೊರಟಿದ್ದಾಳೆ. ಅಲ್ಲಿನ ‘ಅಭಯಧಾಮ’ವೊಂದರಲ್ಲಿ ಎರಡು ವಾರ ಸಿಂಹದ ಮರಿಗಳಿಗೆ ಬಾಟಲಿ ಹಾಲು ಕುಡಿಸುವ ಸ್ವಯಂಸೇವೆಯಂತೆ, ಹಣ ನಾವೇ ಕಟ್ಟಬೇಕು. ಕಳಿಸಬಹುದೆ? ಸಿದ್ಧತೆ ಏನು? – ಓದುಗರೊಬ್ಬರು, ಹಾಸನ

ಉತ್ತರ: ಹಣ ಕೇಳಿದ ಮಾತ್ರಕ್ಕೆ ಮೋಸವಲ್ಲ. ಒಳ್ಳೆಯ ಕೇಂದ್ರಗಳೂ ಊಟ, ವಸತಿ, ಪ್ರಾಣಿಗಳ ಆಹಾರಕ್ಕೆಂದು ತೆಗೆದುಕೊಳ್ಳುತ್ತವೆ. ಅನುಮಾನ ಬರಬೇಕಾದದ್ದು ಆ ಬಾಟಲಿಯ ಮೇಲೆ. ವರ್ಷವಿಡೀ ಹಾಲು ಕುಡಿಸಲು ಮರಿಗಳು ಬರುವುದಾದರೂ ಎಲ್ಲಿಂದ? ಕಾಡಿನ ಸಿಂಹಿಣಿ ಸುಮಾರು ಎರಡು ವರ್ಷಕ್ಕೊಮ್ಮೆ ಮರಿ ಹಾಕುತ್ತದೆ. ಹುಟ್ಟಿದ ಕೆಲವೇ ದಿನಕ್ಕೆ ಮರಿ ಕಿತ್ತುಕೊಂಡರೆ ಬೇಗ ಮತ್ತೆ ಬೆದೆಗೆ ಬರುತ್ತದೆ. ದಂಧೆ ನಿಂತಿರುವುದೇ ಇದರ ಮೇಲೆ. ಮರಿ ಕೆಲವು ತಿಂಗಳು ಪ್ರವಾಸಿಗರ ತೊಡೆಯ ಮೇಲಿರುತ್ತದೆ, ಆಮೇಲೆ ಅವರ ಜೊತೆ ‘ವಾಕಿಂಗ್’. ಬೆಳೆದ ಮೇಲೆ, ತಪ್ಪಿಸಿಕೊಳ್ಳಲಾಗದಂತೆ ಬೇಲಿಯೊಳಗೆ ಕೂಡಿಹಾಕಿ ಆಡಿಸುವ ಬೇಟೆಗೋ ಮೂಳೆ ವ್ಯಾಪಾರಕ್ಕೋ ಹೋಗುತ್ತದೆ. ‘ಕಾಡಿಗೆ ಬಿಡುತ್ತೇವೆ’ ಎಂದರೆ ನಂಬಬೇಡಿ. ಮನುಷ್ಯರ ಕೈಯಲ್ಲಿ ಬೆಳೆದು ಭಯ ಬಿಟ್ಟ ಸಿಂಹವನ್ನು ಕಾಡಿಗೆ ಬಿಡಲಾಗದು. ದಕ್ಷಿಣ ಆಫ್ರಿಕಾದಲ್ಲಿ ಹೀಗೆ ಸಾಕಿದವು ಸುಮಾರು 8,000. ಈ ಸಾಕಣೆ, ಮುದ್ದಾಟ ಎರಡೂ ನಿಲ್ಲಬೇಕೆಂದು 2021ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ ಸಮಿತಿಯೇ ಹೇಳಿದೆ.

ಕೇಂದ್ರಕ್ಕೆ ಮೂರು ಪ್ರಶ್ನೆ ಬರೆದು ಕಳಿಸಿ. ಇಲ್ಲಿ ಮರಿ ಮಾಡಿಸುತ್ತೀರಾ? ಸಂದರ್ಶಕರು ಪ್ರಾಣಿ ಮುಟ್ಟುತ್ತಾರಾ? ಹೋದ ವರ್ಷದ ಮರಿಗಳು ಈಗ ಎಲ್ಲಿವೆ? ಮೂರನೆಯದಕ್ಕೆ ಉತ್ತರ ಜಾರಿದರೆ ಆ ಯೋಚನೆ ಅಲ್ಲಿಗೇ ಬಿಡಿ. ಮಂಗ, ಚಿಂಪಾಂಜಿಗಳ ಧಾಮಗಳಾದರೆ 2000ದಲ್ಲಿ ಹುಟ್ಟಿದ ಪ್ಯಾನ್ ಆಫ್ರಿಕನ್ ಸ್ಯಾಂಕ್ಚುಯರಿ ಅಲೈಯನ್ಸ್ ಎಂಬ ಧಾಮಗಳ ಒಕ್ಕೂಟದ ಸದಸ್ಯರ ಪಟ್ಟಿ ನೋಡಿ. ಜಾಂಬಿಯಾದ ಚಿಂಪಾಂಜಿ ಧಾಮ ಚಿಮ್‌ಫುನ್ಶಿ ಅದರಲ್ಲಿದೆ.

ಅಂಥ ಕಡೆ ಸಿಗುವುದು ಫೋಟೋ ಅಲ್ಲ, ಚಾಕರಿ: ತರಕಾರಿ ಹೆಚ್ಚುವುದು, ನೀರಿನ ತೊಟ್ಟಿ ಉಜ್ಜುವುದು, ವಿದ್ಯುತ್ ಬೇಲಿಯುದ್ದಕ್ಕೂ ಹುಲ್ಲು ಸವರುವುದು. ಹಸಿ ಹುಲ್ಲು ತಂತಿಗೆ ತಾಗಿದರೆ ವಿದ್ಯುತ್ ನೆಲಕ್ಕಿಳಿದು ಬೇಲಿ ಸಪ್ಪೆಯಾಗುತ್ತದೆ; ನಮ್ಮ ಮಲೆನಾಡಿನವರಿಗೆ ಸೋಲಾರ್ ಬೇಲಿಯ ಈ ಪಾಡು ಹೇಳಿಕೊಡಬೇಕಿಲ್ಲ. ಪಂಜರ ತೊಳೆಯುವಾಗ ಪ್ರಾಣಿಗಳನ್ನು ಪಕ್ಕದ ಕೋಣೆಗೆ ಸರಿಸಿ, ಎಣಿಸಿ, ನಡುಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿದ ಮೇಲೆಯೇ ಒಳಗೆ ಕಾಲಿಡಬೇಕು. ಹೊಸಬರು ತಪ್ಪುವುದು ಎಣಿಕೆಯಲ್ಲೇ. ಮೂತ್ರವಿದ್ದ ನೆಲಕ್ಕೆ ನೇರವಾಗಿ ಬ್ಲೀಚ್ ಸುರಿಯಬಾರದು, ವಿಷಗಾಳಿ ಏಳುತ್ತದೆ. ಮೊದಲು ಬರಿ ನೀರು. ಲದ್ದಿ ಉಳಿದರೆ ಬ್ಲೀಚಿನ ಶಕ್ತಿ ಅದರಲ್ಲೇ ಮುಗಿದುಹೋಗುತ್ತದೆ.

ಆರೋಗ್ಯದ ಸಿದ್ಧತೆ ಒಂದೂವರೆ ತಿಂಗಳು ಮೊದಲೇ ಶುರುವಾಗಲಿ. ರೇಬೀಸ್ ಮುಂಜಾಗ್ರತಾ ಲಸಿಕೆ ಎರಡು ಬಾರಿ, ಏಳು ದಿನದ ಅಂತರದಲ್ಲಿ. ಆಗ ಕಚ್ಚಿದರೂ ಕಚ್ಚಿದ ಮೇಲೆ ಮತ್ತೆರಡು ಲಸಿಕೆ ಹಾಕಿಸಿದರೆ ಸಾಕು. ಹಳ್ಳಿಗಾಡಿನಲ್ಲಿ ಸಿಗದ ಇಮ್ಯುನೊಗ್ಲೋಬುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕಿಲ್ಲ. ಆದರೂ ಗಾಯವನ್ನು ಸೋಪು-ನೀರಿನಲ್ಲಿ 15 ನಿಮಿಷ ತೊಳೆಯಲೇಬೇಕು. ಮಂಗಗಳ ಧಾಮಗಳು ಕ್ಷಯವಿಲ್ಲವೆಂಬ ವರದಿ ಕೇಳುವುದುಂಟು. ನಮ್ಮಲ್ಲಿ ಹುಟ್ಟಿದಾಗಲೇ ಕ್ಷಯದ ಲಸಿಕೆ ಬಿಸಿಜಿ ಹಾಕಿಸುವುದರಿಂದ ಕ್ಷಯದ ಚರ್ಮದ ಪರೀಕ್ಷೆ ಸುಳ್ಳೇ ಪಾಸಿಟಿವ್ ಬರಬಹುದು. ಇಗ್ರಾ ರಕ್ತಪರೀಕ್ಷೆ ಮಾಡಿಸಿ. ಶೀತವಿದ್ದ ದಿನ ಚಿಂಪಾಂಜಿಗಳ ಹತ್ತಿರ ಸುಳಿಯಬಾರದು. ನಮ್ಮ ನೆಗಡಿ ಅವುಗಳ ಜೀವಕ್ಕೇ ಬರಬಹುದು.

ದಕ್ಷಿಣ ಆಫ್ರಿಕಾಕ್ಕೆ ಮಾತ್ರವಾದರೆ ಹಳದಿ ಜ್ವರದ ಲಸಿಕೆ ಬೇಡ. ಅಡಿಸ್ ಅಬಾಬ ಅಥವಾ ನೈರೋಬಿಯಲ್ಲಿ 12 ಗಂಟೆಗೂ ಹೆಚ್ಚು ಕಾಯುವ ಟಿಕೆಟ್ಟಾದರೆ ಆ ಲಸಿಕೆಯ ಕಾರ್ಡು ಕೇಳುತ್ತಾರೆ. ಚುಚ್ಚಿಸಿಕೊಂಡ ಹತ್ತು ದಿನದ ನಂತರವೇ ಅದಕ್ಕೆ ಬೆಲೆ. ವೀಸಾ ಅರ್ಜಿಯಲ್ಲಿ ಸ್ವಯಂಸೇವೆಯ ವಿಷಯ ಮುಚ್ಚಿಡಬೇಡಿ. ಕೇಂದ್ರದ ಪತ್ರ ಲಗತ್ತಿಸಿ.