ಕುಮಟಾದಲ್ಲಿರುವ ಅಜ್ಜನ ಮನೆಯ ಅಟ್ಟದಲ್ಲಿ ಸಿಕ್ಕ ಸುರುಳಿ ಕಲ್ಲಿಗೆ ಹಳೆಯ ಚೀಟಿ ಅಂಟಿದೆ. ಅದನ್ನು ತೆಗೆದು ಕಲ್ಲನ್ನು ತೊಳೆಯುವುದು ಹೇಗೆ? ಮಾರಿದರೆ ಎಷ್ಟು ಬಂದೀತು?

ತೊಳೆಯಬೇಡಿ. ಚೀಟಿಯನ್ನು ಮುಟ್ಟಲೇಬೇಡಿ. ಉಳಿದ ಮಾತು ಆಮೇಲೆ.

ಒಂಬತ್ತು ವರ್ಷಗಳ ಹಿಂದೆ ಕಾರವಾರದ ಗುಜರಿ ಅಂಗಡಿಯೊಂದರಲ್ಲಿ, ತುಕ್ಕು ಹಿಡಿದ ತಕ್ಕಡಿಗಳ ನಡುವೆ ನನಗೂ ಅಂಥದ್ದೇ ಕಲ್ಲು ಸಿಕ್ಕಿತ್ತು. ಅಂಗೈಯಗಲದ ಅಮ್ಮೋನೈಟ್, ಎಂದೋ ಅಳಿದುಹೋದ ಕಡಲಜೀವಿಯ ಕಲ್ಲಾದ ಚಿಪ್ಪು. ಟಗರಿನ ಕೊಂಬಿನಂಥ ಸುರುಳಿ, ಅದರ ಮೇಲೆ ಬೆರಳಿಗೆ ತಾಗುವ ಏಣುಗಳು. ಶಿರಸಿಯ ಮನೆಗೆ ತಂದಾಗ ಆಯಿ ನೋಡಿದವಳೇ, "ಸಾಲಿಗ್ರಾಮ ಇದು, ದೇವರ ಕೋಣೆಯಲ್ಲಿಡು" ಎಂದಳು. ಅವಳ ಮಾತು ತೀರಾ ತಪ್ಪಲ್ಲ. ನೇಪಾಳದ ಕಾಲಿ ಗಂಡಕಿಯಲ್ಲಿ ಸಿಗುವ ಸಾಲಿಗ್ರಾಮಗಳ ಚಕ್ರವೂ ಅಮ್ಮೋನೈಟಿನ ಗುರುತೇ. ಆದರೆ ನನ್ನದು ಬಂದದ್ದು ದಕ್ಷಿಣದಿಂದ. ಹಾಗೆಂದು ಹೇಳುತ್ತಿದ್ದುದು ಕಲ್ಲಿನ ಹಿಂಬದಿಗೆ ಅಂಟಿದ್ದ, ಬೆಂಕಿಪೊಟ್ಟಣದಷ್ಟು ಅಗಲದ ಚೀಟಿ.

ಮೇಲಿನ ಸಾಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಊಟಟೂರ್’ ಎಂದಿತ್ತು. ತಿರುಚಿರಾಪಳ್ಳಿ ಕಡೆಯ ಊಟ್ಟತ್ತೂರಿಗೆ ಬ್ರಿಟಿಷರ ಕಾಲದ ಕಾಗುಣಿತ ಅದು. ಅಲ್ಲಿಯದು ಸುಮಾರು 10 ಕೋಟಿ ವರ್ಷ ಹಿಂದಿನ ಕಡಲತಳ. ಆ ಸೀಮೆಯ ಪಳೆಯುಳಿಕೆಗಳನ್ನು ಎಡ್ವರ್ಡ್ ಫೋರ್ಬ್ಸ್ 1846ರಲ್ಲೇ ವರ್ಣಿಸಿದ್ದ. 1860ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಸ್ಟೊಲಿಸ್ಕಾ ಅಲ್ಲಿಯ ಅಮ್ಮೋನೈಟುಗಳನ್ನು ಚಿತ್ರಗಳ ಸಮೇತ ಪ್ರಕಟಿಸಿದ. ಇದೆಲ್ಲ ನನಗೆ ತಿಳಿದದ್ದು ತಡವಾಗಿ. ಚೀಟಿಯ ಕೆಳಗಿನ ಸಾಲು ಬೂಷ್ಟಿನಡಿ ಮಸುಕಾಗಿತ್ತು. ಸೀಸದ ಕಡ್ಡಿಯ ಬರಹ ಎಂದುಕೊಂಡೆ.

ನಾನು ಮಾಡಿದ್ದನ್ನು ವಿವರವಾಗಿ ಹೇಳುತ್ತೇನೆ, ನೀವು ಮಾಡಹೊರಟಿರುವುದೂ ಅದನ್ನೇ. ಆಷಾಢದ ಮಳೆ, ಮನೆಯಲ್ಲಿದ್ದ ಕಾಗದವೆಲ್ಲ ಮೆತ್ತಗಾಗಿತ್ತು. ಚೀಟಿಯನ್ನು ಹರಿಯದಂತೆ ಬಿಡಿಸಿ, ಒಣಗಿಸಿ, ಪುಸ್ತಕದೊಳಗೆ ಇಡೋಣ ಎಂಬುದು ನನ್ನ ಲೆಕ್ಕ. ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು, ಸ್ವಲ್ಪ ಅಂಟುವಾಳದ ನೊರೆ. ಹಳೆಯ ಅಂಟು ಬೆಚ್ಚಗಿನ ನೀರಿಗೆ ಬಿಡುತ್ತದೆ. ಅಷ್ಟು ಮಟ್ಟಿಗೆ ನನ್ನ ಎಣಿಕೆ ಸರಿಯಿತ್ತು. ಕಲ್ಲನ್ನು ಮುಳುಗಿಸಿದೆ. ಬೂದುಬಣ್ಣದ ಆ ಸಾಲು ಒಮ್ಮೆಲೇ ಕಡುನೇರಳೆಯಾಗಿ ಎದ್ದು ಕಂಡಿತು, ಆಗಷ್ಟೇ ಬರೆದಂತೆ. ಮೂರಂಕಿಯ ಒಂದು ಸಂಖ್ಯೆ, ನಡುವಿನದು 4. ಮುಂದೆ ಒಂದು ಹೆಸರು. ಕನ್ನಡಕಕ್ಕೆ ಕೈ ಚಾಚಿ ತಿರುಗುವುದರೊಳಗೆ ನೀರೆಲ್ಲ ನೇರಳೆ, ಚೀಟಿ ಬರಿದು. ಅದು ನಕಲು ಪೆನ್ಸಿಲಿನ ಬರಹ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಕಚೇರಿಗಳಲ್ಲಿ ಬಳಕೆಯಲ್ಲಿದ್ದ ಆ ಪೆನ್ಸಿಲಿನಲ್ಲಿ ಬಣ್ಣ ಬೆರೆತಿರುತ್ತದೆ. ಒಣಗಿದ್ದಾಗ ಸೀಸದಂತೆಯೇ ಕಾಣುತ್ತದೆ, ನೀರು ತಾಗಿದರೆ ನೇರಳೆಯಾಗಿ ಹರಡುತ್ತದೆ. ಅದಕ್ಕೂ ಮೊದಲು ಮೊಬೈಲಿನಲ್ಲಿ ಒಂದು ಚಿತ್ರ ತೆಗೆಯಬಹುದಿತ್ತು. ಮೊಬೈಲ್ ಪಕ್ಕದ ಮೇಜಿನ ಮೇಲೇ ಇತ್ತು.

ಮರುವಾರವೇ ಕಾರವಾರಕ್ಕೆ ಓಡಿದೆ. ಗುಜರಿಯವರು ಆ ಕಲ್ಲು ಬಂದ ಮನೆಯನ್ನು ತೋರಿಸಿದರು. ತೀರಿಹೋದ ಹಿರಿಯರೊಬ್ಬರು ಭೂವಿಜ್ಞಾನದ ಮೇಷ್ಟರಾಗಿದ್ದವರು. ಅವರ ಮಗ ನನ್ನನ್ನು ಕೂರಿಸಿ, ಚಹಾ ಕೊಟ್ಟು, ತಂದೆಯ ದಾಖಲೆ ಪುಸ್ತಕವನ್ನು ಮುಂದಿಟ್ಟರು. ಮುನ್ನೂರಕ್ಕೂ ಹೆಚ್ಚು ಕಲ್ಲುಗಳು, ಪ್ರತಿಯೊಂದಕ್ಕೂ ಸಂಖ್ಯೆ. ಊಟಟೂರಿನ ಅಮ್ಮೋನೈಟುಗಳಲ್ಲಿ ನಡುವೆ 4 ಇರುವವು ಎರಡೇ. ಒಂದನ್ನು ಮೇಷ್ಟರು ಊಟ್ಟತ್ತೂರಿನ ಹಳ್ಳದಲ್ಲಿ ತಾವೇ ಹೆಕ್ಕಿದ್ದು. ಇನ್ನೊಂದು ಮದರಾಸಿನ ಹರಾಜಿನಲ್ಲಿ ಕೊಂಡದ್ದು, ‘ಬಹಳ ಹಿಂದಿನ ಸಂಗ್ರಹ’ ಎಂದು ಬರೆದಿದ್ದರು. ನನ್ನ ಕೈಯಲ್ಲಿರುವುದು ಯಾವುದು? ಎರಡಕ್ಕೂ ಒಂದೇ ಜಾತಿ, ಒಂದೇ ಅಳತೆ. ಆ ಮಗನಿಗೆ ಅದು ತಂದೆ ಹೆಕ್ಕಿದ್ದೇ ಆಗಿರಲಿ ಎಂಬ ಆಸೆಯಿತ್ತು. ಹೌದು ಎನ್ನಲು ನನ್ನ ಬಳಿ ಏನೂ ಇರಲಿಲ್ಲ.

ಬೆಲೆ ಕೇಳಿದ್ದೀರಿ. ನನ್ನ ಪ್ರಕಾರ ನೀವು ಈಗ ಕೇಳಬೇಕಾದದ್ದು ಅದಲ್ಲ. ಚೀಟಿ ಕಳೆದುಕೊಂಡ ಅಮ್ಮೋನೈಟ್ ಬರಿಯ ಚೆಂದದ ಕಲ್ಲು. ಅದು ಎಲ್ಲಿಯದು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದನ್ನು ಕಲ್ಲು ಹೇಳುವುದಿಲ್ಲ. ನಿಮ್ಮ ಕುಮಟಾದ ಜಂಬಿಟ್ಟಿಗೆಯಲ್ಲಂತೂ ಅದು ಹುಟ್ಟಿದ್ದಲ್ಲ, ಯಾರೋ ಹೊತ್ತು ತಂದದ್ದೇ. 1989ರಲ್ಲಿ ಜಾನ್ ಟ್ಯಾಲೆಂಟ್ ಎಂಬ ಆಸ್ಟ್ರೇಲಿಯಾದ ವಿಜ್ಞಾನಿ, ಹಿಮಾಲಯದವೆಂದು ಪ್ರಕಟವಾದ ಎಷ್ಟೋ ಪಳೆಯುಳಿಕೆಗಳು ಅಲ್ಲಿಯವೇ ಅಲ್ಲ ಎಂದು ಬಯಲಿಗೆಳೆದದ್ದನ್ನು ಓದಿ. ಊರು ತಪ್ಪಿದರೆ ಪಳೆಯುಳಿಕೆಯ ಕಥೆಯೆಲ್ಲ ತಪ್ಪುತ್ತದೆ.

ಇವತ್ತೇ ಕಿಟಕಿಯ ಬೆಳಕಿನಲ್ಲಿ ಚೀಟಿಯ ಚಿತ್ರ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಟಾರ್ಚನ್ನು ಓರೆಯಾಗಿ ಹಿಡಿದು ಕಲ್ಲನ್ನು ಸುತ್ತಲೂ ನೋಡಿ. ಕೆಲವರು ಬಿಳಿ ಬಣ್ಣದ ಚುಕ್ಕೆಯಿಟ್ಟು ಅದರ ಮೇಲೆ ಸಂಖ್ಯೆ ಬರೆಯುತ್ತಿದ್ದರು. ಎಣ್ಣೆ, ವಾರ್ನಿಷ್ ಯಾವುದೂ ಬೇಡ. ತೇವ ಹೀರುವ ಸಿಲಿಕಾ ಪೊಟ್ಟಣದೊಂದಿಗೆ ಮುಚ್ಚಳವಿರುವ ಡಬ್ಬಿಯಲ್ಲಿಡಿ. ಅಜ್ಜನ ಲೆಕ್ಕದ ಪುಸ್ತಕಗಳು ಇನ್ನೂ ಅಟ್ಟದ ಮೇಲಿದ್ದರೆ, ಮನೆಯವರು ಗುಜರಿಗೆ ಹಾಕುವ ಮೊದಲು ಕೆಳಗಿಳಿಸಿ ಒಂದೊಂದೇ ಪುಟ ತಿರುವಿ. ಚೀಟಿಯಲ್ಲಿರುವುದನ್ನು ಇದ್ದ ಹಾಗೆಯೇ, ತಪ್ಪು ಕಾಗುಣಿತದ ಸಮೇತ, ಇಲ್ಲಿ ಬರೆದು ಹಾಕಿದರೆ ನಾನೂ ಹುಡುಕುತ್ತೇನೆ.