22 ಜನರ ಆಫೀಸಿಗೆ ಎಷ್ಟು ದೊಡ್ಡ ಮೇಲ್ ಸರ್ವರ್?

ಪ್ರಶ್ನೆ: ತಾರಿಹಾಳದಲ್ಲಿ ನಮ್ಮ ವಾಲ್ವ್ ಕಾರ್ಖಾನೆ ಇದೆ. ಆಫೀಸಿನಲ್ಲಿ 22 ಜನ, ತಲೆಗೆ ದಿನಕ್ಕೆ ಸುಮಾರು 80 ಮೇಲ್. ಹಳೆಯ ಮೇಲ್ ಒಟ್ಟು 130 ಜಿಬಿ. ಸ್ವಂತ ಸರ್ವರಿಗೆ ಡೀಲರ್ ಎರಡು ಜಿಯಾನ್ ಪ್ರೊಸೆಸರ್, 64 ಜಿಬಿ ರ್‍ಯಾಮ್, 1 ಟಿಬಿಯ ಒಂದು ಹಾರ್ಡ್ ಡಿಸ್ಕ್ ಹೇಳಿದ್ದಾರೆ. ಇಷ್ಟು ಬೇಕೇ?
– ಓದುಗರು, ಹುಬ್ಬಳ್ಳಿ

ಉತ್ತರ: ಪ್ರೊಸೆಸರ್ ವಿಪರೀತವಾಯಿತು, ಡಿಸ್ಕಿನಲ್ಲಿ ಕೈ ಬಿಗಿ ಹಿಡಿದಿದ್ದಾರೆ. ನಿಮ್ಮ ದಿನದ 1,760 ಮೇಲ್‌ಗಳನ್ನು ಎಂಟು ತಾಸಿಗೆ ಹಂಚಿದರೆ ನಿಮಿಷಕ್ಕೆ ನಾಲ್ಕೂ ಬರುವುದಿಲ್ಲ. ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್, ಅದನ್ನು ಕಾದಿಟ್ಟು ತೆರೆದು ಕೊಡುವ ಡವ್‌ಕಾಟ್ ಎಂಬ ಪ್ರೋಗ್ರಾಮ್‌ಗಳ ಜೋಡಿಗೆ ಇದು ಲೆಕ್ಕಕ್ಕೇ ಇಲ್ಲ. ಬೆಳಿಗ್ಗೆ ಎಲ್ಲರೂ ಒಮ್ಮೆಲೇ ಮೇಲ್ ತೆರೆದರೂ ನಾಲ್ಕು ಕೋರಿನ ಸಾಧಾರಣ ಪ್ರೊಸೆಸರ್ ತಡೆಯುತ್ತದೆ.

ರ್‍ಯಾಮ್ ತಿನ್ನುವುದು ವೈರಸ್ ತಪಾಸಣೆ. ಅದನ್ನು ಮಾಡುವ ಕ್ಲ್ಯಾಮ್‌ಎವಿ ಪ್ರೋಗ್ರಾಮ್ ತನ್ನ ವೈರಸ್ ಪಟ್ಟಿಗೇ 1 ಜಿಬಿಗಿಂತ ಹೆಚ್ಚು ಹಿಡಿಯುತ್ತದೆ. ಪಟ್ಟಿ ಅಪ್‌ಡೇಟ್ ಆಗುವಾಗ ಹಳೆಯದನ್ನು ಬಿಡದೆ ಹೊಸದನ್ನೂ ಏರಿಸಿಕೊಳ್ಳುವುದರಿಂದ ಸ್ವಲ್ಪ ಹೊತ್ತು ಅದರ ಎರಡರಷ್ಟು ಬೇಕು. ರ್‍ಯಾಮ್ ಬಿಗಿಯಾಗಿದ್ದರೆ ಆಗ ಲಿನಕ್ಸ್ ಯಾವುದಾದರೊಂದು ಪ್ರೋಗ್ರಾಮನ್ನು ನಿಲ್ಲಿಸಿ ಜಾಗ ಮಾಡಿಕೊಳ್ಳುತ್ತದೆ. ಮೇಲ್ ತನ್ನಷ್ಟಕ್ಕೆ ತಾನೇ ನಿಂತಿತು ಎನ್ನುವವರು ಮೊದಲು ಇದನ್ನು ನೋಡಬೇಕು. 8 ಜಿಬಿ ಸಾಕು, 16 ಇದ್ದರೆ ಆರಾಮ.

ಇನ್ನು ಡಿಸ್ಕ್. ಒಂದು ಮೇಲ್‌ನ ಸರಾಸರಿ ಗಾತ್ರವನ್ನು ಊಹಿಸಬೇಡಿ. ಕಳೆದ ತಿಂಗಳ ಫೋಲ್ಡರಿನ ಗಾತ್ರವನ್ನು ಅದರೊಳಗಿನ ಮೇಲ್ ಸಂಖ್ಯೆಯಿಂದ ಭಾಗಿಸಿ. 250 ಕೆಬಿ ಬಂತೆನ್ನಿ: ದಿನಕ್ಕೆ 440 ಎಂಬಿ, ತಿಂಗಳ 26 ಕೆಲಸದ ದಿನಕ್ಕೆ ಹನ್ನೊಂದೂವರೆ ಜಿಬಿ, ಮೂರು ವರ್ಷಕ್ಕೆ 410 ಜಿಬಿ. ಹಳೆಯದು ಸೇರಿ 540. ಕಾಲುಭಾಗವಾದರೂ ಖಾಲಿ ಉಳಿಯಬೇಕು, ಆದ್ದರಿಂದ 1 ಟಿಬಿ ಸರಿ. ಆದರೆ ಅಂಥ ಎರಡು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ತಂದು ರೇಡ್-1 ಮಾಡಿ, ಅಂದರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರಲಿ. ಮೇಲ್ ಸರ್ವರ್ ಸಣ್ಣ ಸಣ್ಣ ಫೈಲುಗಳನ್ನು ಬರೆಯುತ್ತಲೇ ಇರುತ್ತದೆ. ತಿರುಗುವ ಡಿಸ್ಕ್ ಏದುಸಿರು ಬಿಡುವುದು ಅಲ್ಲಿಯೇ. ರೇಡ್ ಇದ್ದರೆ ಬ್ಯಾಕಪ್ ಬೇಡ ಎಂದುಕೊಳ್ಳಬೇಡಿ: ಅಕೌಂಟ್ಸಿನವರು ಕೈತಪ್ಪಿ ಅಳಿಸಿದ ಮೇಲ್ ಎರಡೂ ಡಿಸ್ಕಿನಿಂದ ಒಟ್ಟಿಗೇ ಹೋಗುತ್ತದೆ. ದಿನಾ ರಾತ್ರಿ ಬ್ಯಾಕಪ್‌ಗೆ 2 ಟಿಬಿಯ ಬೇರೆ ಡಿಸ್ಕ್ ಬೇಕು. ಸಾಧ್ಯವಾದರೆ ಅಂಥವು ಎರಡಿರಲಿ, ವಾರಕ್ಕೊಮ್ಮೆ ಒಂದು ಮನೆಗೆ ಹೋಗಲಿ.

ಡ್ರಾಯಿಂಗ್ ಕಳಿಸುವವರಿಗೆ ಇನ್ನೊಂದು ಮಾತು. ಲಗತ್ತು ಮೇಲಿನೊಳಗೆ ಬೇಸ್64 ಎಂಬ ಅಕ್ಷರ ರೂಪ ತಾಳುವುದರಿಂದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚೇ ಉಬ್ಬುತ್ತದೆ. 9 ಎಂಬಿ ಪಿಡಿಎಫ್ 12 ದಾಟುತ್ತದೆ. ಪೋಸ್ಟ್‌ಫಿಕ್ಸ್ ತಾನಾಗಿ ಒಪ್ಪುವ ಮಿತಿ 1,02,40,000 ಬೈಟ್, ಹಾಗಾಗಿ ಆ ಮೇಲ್ ವಾಪಸ್. ಮಿತಿಯನ್ನು 35 ಎಂಬಿಗೆ ಏರಿಸಿ. ಆದರೂ ಅದೇ ಡ್ರಾಯಿಂಗನ್ನು 22 ಜನಕ್ಕೂ ಕಳಿಸಿದರೆ 22 ಪ್ರತಿ ಕೂಡುತ್ತವೆ. ಅದಕ್ಕೆ ಆಫೀಸಿನ ಶೇರ್ಡ್ ಫೋಲ್ಡರೇ ಸರಿ.

ಇದೆಲ್ಲ ಕೊಳ್ಳುವ ಮೊದಲು ಇಂಟರ್‌ನೆಟ್ ಕಂಪನಿಗೆ ಮೂರು ಪ್ರಶ್ನೆ ಹಾಕಿ: ಸ್ಟ್ಯಾಟಿಕ್ (ಬದಲಾಗದ) ಐಪಿ ವಿಳಾಸ ಕೊಡುತ್ತೀರಾ, ಅದಕ್ಕೆ ನಮ್ಮ ಹೆಸರಿನ ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಹೆಸರು ಹೇಳುವ ದಾಖಲೆ) ಹಾಕುತ್ತೀರಾ, ಸರ್ವರುಗಳ ನಡುವೆ ಮೇಲ್ ಓಡಾಡುವ ಪೋರ್ಟ್ 25 ತೆರೆದಿದೆಯಾ? 2024ರ ಫೆಬ್ರವರಿಯಿಂದ ಜಿಮೇಲ್ ಈ ರಿವರ್ಸ್ ಡಿಎನ್‌ಎಸ್ ಜೊತೆಗೆ ಎಸ್‌ಪಿಎಫ್ (ನಿಮ್ಮ ಹೆಸರಿನಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದೆಂಬ ಪಟ್ಟಿ) ಅಥವಾ ಡಿಕಿಮ್ (ಮೇಲಿಗೆ ಹಾಕುವ ಡಿಜಿಟಲ್ ಸಹಿ) ಕೂಡ ಕೇಳುತ್ತದೆ. ಐಪಿ ಸಿಕ್ಕು ಉಳಿದವು ಆಗದಿದ್ದರೆ ಹೊರಹೋಗುವ ಮೇಲನ್ನು ಹಣ ಕೊಟ್ಟು ಬಳಸುವ ರಿಲೇ (ನಿಮ್ಮ ಪರವಾಗಿ ಮೇಲ್ ಮುಟ್ಟಿಸುವ ಸೇವೆ) ಮೂಲಕ ಕಳಿಸಿ.

ಪ್ರಶ್ನೆ: ನಮ್ಮ ಮುದ್ರಣಾಲಯದ ಮೇಲ್ ಸರ್ವರಿಗೆ 600 ವಿಎ ಯುಪಿಎಸ್ ಇದೆ. ಎರಡು ತಾಸು ಕರೆಂಟ್ ಹೋದರೆ ಬರುವ ಆರ್ಡರ್ ಮೇಲ್ ಕಳೆದುಹೋಗುತ್ತವೆಯೇ?
– ಓದುಗರು, ಗದಗ

ಉತ್ತರ: ಇಲ್ಲ. ನಿಮ್ಮ ಸರ್ವರ್ ಸಿಗದಿದ್ದರೆ ಕಳಿಸುವವರ ಸರ್ವರ್ ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಭಯ ಇರುವುದು ಬರೆಯುತ್ತಿರುವಾಗಲೇ ಡಿಸ್ಕಿಗೆ ಕರೆಂಟ್ ತಪ್ಪುವುದರಲ್ಲಿ. ಸರ್ವರ್ 60 ವ್ಯಾಟ್, ರೂಟರ್ ಮತ್ತು ಸ್ವಿಚ್ 25 ಎಂದರೆ 12 ವೋಲ್ಟ್, 7 ಎಎಚ್ ಬ್ಯಾಟರಿ ಹೊಸತಿದ್ದಾಗ 20 ನಿಮಿಷ ಎಳೆಯಬಹುದು, ಎರಡು ವರ್ಷದ ಮೇಲೆ ಅದೂ ಇಲ್ಲ. ಸರ್ವರ್ ತಾನೇ ಬಂದ್ ಆಗಬೇಕಾದರೆ ಯುಪಿಎಸ್‌ಗೆ ಯುಎಸ್‌ಬಿ ಪೋರ್ಟ್ ಇರಬೇಕು. ಅಗ್ಗದ ಮಾಡೆಲುಗಳಲ್ಲಿ ಅದು ಇರುವುದಿಲ್ಲ, ಹಿಂಭಾಗ ತಿರುಗಿಸಿ ನೋಡಿ. ಇದ್ದರೆ ಯುಪಿಎಸ್ ಮೇಲೆ ಕಣ್ಣಿಡುವ ನಟ್ ಎಂಬ ಪ್ರೋಗ್ರಾಮ್ ಹಾಕಿ, ಐದು ನಿಮಿಷ ಕರೆಂಟ್ ಇಲ್ಲದಿದ್ದರೆ ಬಂದ್ ಆಗುವಂತೆ ಮಾಡಿ. ಬಯೋಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ನಲ್ಲಿ) ಕರೆಂಟ್ ಬಂದೊಡನೆ ಯಂತ್ರ ಶುರುವಾಗುವ ಆಯ್ಕೆಯನ್ನೂ ಆನ್ ಮಾಡಿ. ಇಲ್ಲದಿದ್ದರೆ ಶನಿವಾರ ರಾತ್ರಿ ಬಂದ್ ಆದದ್ದು ಸೋಮವಾರ ಯಾರಾದರೂ ಬಟನ್ ಒತ್ತುವವರೆಗೆ ಏಳುವುದಿಲ್ಲ.